ಕೆಂಪು ಚುಕ್ಕೆಯ ಡಬ್ಬಿ

ನನಗೆ ಇಂಜಿನಿಯರಿಂಗ್ ಬೇಕೆಂದೇನೂ ಇರಲಿಲ್ಲ. ಗಾನಶ್ರೀ ಸಿಇಟಿ ಬರೆಯುತ್ತಾಳೆಂದು ನಾನೂ ಬರೆದೆ, ಅವಳು ಪುತ್ತೂರಿನ ಕಾಲೇಜು ಆರಿಸಿದಳೆಂದು ನಾನೂ ಅದನ್ನೇ ಆರಿಸಿದೆ. ರಾಮಕುಂಜದಲ್ಲಿ ಒಂದನೇ ಕ್ಲಾಸಿನಿಂದ ಪಿಯುಸಿವರೆಗೆ ಒಂದೇ ಬೆಂಚಿನಲ್ಲಿ ಕೂತ ಗೆಳತಿಯರು ನಾವು. ಆ ಬೆಂಚು ನಮ್ಮ ಜೊತೆಗೇ ಪುತ್ತೂರಿಗೂ ಬರುತ್ತದೆಂದು ನಂಬಿದ್ದೆ. ಅಷ್ಟು ಬುದ್ಧಿ ನನಗೆ.

ಅವಳಿಗೆ ಕಂಪ್ಯೂಟರ್ ಸೈನ್ಸ್ ಸಿಕ್ಕಿತು, ನನಗೆ ಎಲೆಕ್ಟ್ರಾನಿಕ್ಸ್. ಮೊದಲ ವರ್ಷ ಎಲ್ಲರಿಗೂ ಒಂದೇ ಪಾಠ ಎಂದುಕೊಂಡಿದ್ದರೆ ಅದೂ ಇಲ್ಲ. ಅವರ ಸೆಕ್ಷನ್‌ಗೆ ಮೊದಲ ಸೆಮಿಸ್ಟರಿಗೆ ಫಿಸಿಕ್ಸ್ ಸೈಕಲ್ ಎಂಬ ಪಾಠಗಳ ಗುಂಪು, ನಮಗೆ ಕೆಮಿಸ್ಟ್ರಿಯದ್ದು. ಅವಳು ಪ್ರೋಗ್ರಾಮಿಂಗ್ ಲ್ಯಾಬಿನಲ್ಲಿರುವಾಗ ನಾನು ಡ್ರಾಯಿಂಗ್ ಕ್ಲಾಸಿನಲ್ಲಿ. ಗಣಿತದ ಸರ್ ಇಂಗ್ಲಿಷಿನಲ್ಲಿ ಓಡುತ್ತಿದ್ದರು, ನಾನು ಹಿಂದಿನಿಂದ ಏದುಸಿರು ಬಿಡುತ್ತಿದ್ದೆ. ಅರ್ಥವಾಯಿತೇ ಎಂದು ಪಕ್ಕಕ್ಕೆ ತಿರುಗಿದರೆ ಅಲ್ಲಿ ಯಾರೋ ಹೊಸಬಳು. ಗಾನಶ್ರೀ ಸಿಗುತ್ತಿದ್ದುದು ಮಧ್ಯಾಹ್ನದ ಊಟಕ್ಕೆ ಮಾತ್ರ.

ಆ ಊಟದ ವಿಷಯ ಹೇಳಬೇಕು. ಐದನೇ ಕ್ಲಾಸಿನಲ್ಲಿ ಗಾನಶ್ರೀ ನನ್ನ ಡಬ್ಬಿಯಿಂದ ಪತ್ತಿರ್ ತಿಂದಳು. ಪತ್ತಿರ್ ಎಂದರೆ ನಮ್ಮ ಬ್ಯಾರಿ ಮುಸ್ಲಿಮರ ಮನೆಗಳ ಅಕ್ಕಿರೊಟ್ಟಿ. ವಿಷಯ ಗೊತ್ತಾಗಿ ನನ್ನ ಉಮ್ಮ ನೆಬೀಸ ಹೆದರಿ ಅವರ ಮನೆಗೇ ಹೋದರು. ನಮ್ಮದು ಮೀನು ಮಾಡುವ ಪಾತ್ರೆ, ಅವರೋ ಬೆಳ್ಳುಳ್ಳಿಯನ್ನೂ ಒಳಗೆ ತರದ ಭಟ್ಟರು. ಗಾನಶ್ರೀಯ ಅಮ್ಮ ಕೌಸಲ್ಯಮ್ಮ ನಕ್ಕು, "ಪಾತ್ರೆ ಒಂದು ಬೇರೆ ಇಟ್ರೆ ಆಯ್ತು ನೆಬೀಸ, ಅವಳಿಗೆ ತಿನ್ನುವ ಆಸೆ ಉಂಟಲ್ಲ" ಎಂದರಂತೆ.

ಉಮ್ಮನಿಗೆ ಅಷ್ಟೇ ಸಾಕಾಯಿತು. ಬೇರೆ ಕಾವಲಿ, ಬೇರೆ ಸೌಟು, ಬೇರೆ ಸ್ಟೀಲ್ ಡಬ್ಬಿ, ಎಲ್ಲ ಅಡಿಗೆಮನೆಯ ಮೇಲಿನ ಕಪಾಟಿನಲ್ಲಿ. ಗುರುತು ಸಿಗಲಿ ಎಂದು ಡಬ್ಬಿಯ ಮುಚ್ಚಳಕ್ಕೆ ನೈಲ್ ಪಾಲಿಶಿನ ಕೆಂಪು ಚುಕ್ಕೆ. ಅದನ್ನು ಉಜ್ಜುವ ನಾರೂ ಬೇರೆ. ಒಮ್ಮೆ ಗಡಿಬಿಡಿಯಲ್ಲಿ ಆ ಡಬ್ಬಿಗೆ ಬಂಗುಡೆ ಮೀನು ಹಾಕಲು ಹೋಗಿ ನಾನು ಕೈಗೆ ಸೌಟಿನ ಪೆಟ್ಟು ತಿಂದಿದ್ದೇನೆ. ಮರುದಿನ ಅದನ್ನು ಕೇಳಿ ಗಾನಶ್ರೀ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ಕಾಲೇಜಿಗೆ ಸೇರಿದ ಮೇಲೆ ಅವಳು ಪುತ್ತೂರಿನ ದರ್ಬೆಯ ಪಿ.ಜಿ.ಯಲ್ಲಿ ಉಳಿದಳು, ನಾನು ಮನೆಯಿಂದಲೇ ಬಸ್ಸಿನಲ್ಲಿ ಹೋಗುತ್ತಿದ್ದೆ. "ಪಿ.ಜಿ.ಯದ್ದು ಎಂತ ಊಟ, ಪಾಪದ ಹುಡುಗಿ" ಎಂದು ಉಮ್ಮ ದಿನವೂ ಕೆಂಪು ಚುಕ್ಕೆಯ ಡಬ್ಬಿ ತುಂಬತೊಡಗಿದರು. ಪತ್ತಿರ್, ಬೆಳ್ಳುಳ್ಳಿ ಇಲ್ಲದ ಕಡಲೆ ಗಸಿ, ಅಂದರೆ ನಮ್ಮ ಕಡೆಯ ಗಟ್ಟಿ ಸಾರು. ಮೊದಮೊದಲು ಗಾನಶ್ರೀ ಬೆರಳು ನೆಕ್ಕಿಕೊಂಡು ತಿಂದಳು. ಆಮೇಲೆ ಅವಳ ಕ್ಲಾಸಿನವರು ಅವಳಿಗೆ ಕ್ಯಾಂಟೀನಿನಲ್ಲಿ ಜಾಗ ಹಿಡಿದಿಡತೊಡಗಿದರು. ನಾನು ಡಬ್ಬಿ ಹಿಡಿದುಕೊಂಡು ಅಲ್ಲಿಗೂ ಹೋದೆ. ನನಗೂ ಸ್ವಲ್ಪ ನಾಚಿಕೆ ಇರಬೇಕಿತ್ತು.

ಒಂದು ದಿನ ನಾನು ಕೈ ತೊಳೆದು ಬರುವಾಗ ಅವರಲ್ಲೊಬ್ಬಳು ಕೇಳುತ್ತಿದ್ದಳು: "ನೀನು ಅವರ ಮನೆಯದ್ದೆಲ್ಲ ತಿಂತೀಯಾ?"

"ಇಲ್ಲಪ್ಪ" ಎಂದಳು ಗಾನಶ್ರೀ. "ಅವಳು ಸುಮ್ನೆ ತರುದು. ಬೇಡ ಹೇಳ್ಲಿಕ್ಕೆ ಆಗುದಿಲ್ಲ."

ನಾನು ಅವಳ ಬೆನ್ನ ಹಿಂದೆಯೇ ನಿಂತಿದ್ದೆ. ತಿರುಗಿ ನೋಡಿದವಳ ಮುಖ ಬಿಳಿಚಿಕೊಂಡಿತು. ನನಗೆ ಜಗಳ ಚೆನ್ನಾಗಿ ಬರುತ್ತದೆ, ಬೇಕಾದರೆ ನಮ್ಮೂರಲ್ಲಿ ಯಾರನ್ನಾದರೂ ಕೇಳಿ. ಅಂದು ಮಾತ್ರ ಡಬ್ಬಿ ಎತ್ತಿಕೊಂಡು ಬಂದೆ. ಅಷ್ಟು ನೋವು ನನಗೆ ಯಾರೂ ಕೊಟ್ಟಿರಲಿಲ್ಲ. ಅವಳೂ ಹಿಂದೆ ಬರಲಿಲ್ಲ.

ಉಮ್ಮನಿಗೆ ಹೇಗೆ ಹೇಳುವುದು? ಅವರು ತುಂಬಿಸುತ್ತಲೇ ಹೋದರು, ನಾನು ಲೈಬ್ರರಿಯ ಹಿಂದಿನ ಮೆಟ್ಟಿಲಲ್ಲಿ ಕೂತು ಎರಡೂ ಡಬ್ಬಿ ಖಾಲಿ ಮಾಡುತ್ತಾ ಹೋದೆ. ಸಂಜೆ "ಅವಳು ಎಂತ ಹೇಳಿದಳು?" ಎಂದು ಕೇಳುತ್ತಿದ್ದರು. "ಗಸಿ ಲಾಯ್ಕ ಆಗಿತ್ತಂತೆ" ಎನ್ನುತ್ತಿದ್ದೆ. ಉಮ್ಮನ ಮುಖ ಅರಳುತ್ತಿತ್ತು. ಇಂಟರ್ನಲ್ಸಿನಲ್ಲಿ ಗಣಿತ ಕೈಕೊಟ್ಟದ್ದನ್ನು ಹೇಳುವುದು ಇದಕ್ಕಿಂತ ಸುಲಭವಿತ್ತು.

ಎರಡನೇ ಸೆಮಿಸ್ಟರಿನಲ್ಲಿ ಸೈಕಲ್ ಅದಲುಬದಲಾಯಿತು. ಅವಳ ಲ್ಯಾಬು ನನಗೆ ಬಂತು, ನನ್ನದು ಅವಳಿಗೆ. ಆ ದಿನಗಳಲ್ಲೇ ಬಟ್ಟೆ ತೆಗೆಯಲು ಪುತ್ತೂರಿಗೆ ಹೋದ ಉಮ್ಮನಿಗೆ ದರ್ಬೆಯಲ್ಲಿ ಗಾನಶ್ರೀ ಸಿಕ್ಕಿದಳು. ಸಂಜೆ ನಾನು ಬಂದಾಗ ಉಮ್ಮ ಅಡಿಗೆಮನೆಯಲ್ಲಿ ದೀಪವನ್ನೂ ಹಾಕದೆ ಕೂತಿದ್ದರು.

"ನಿನ್ನೆಯ ಕಡಲೆಗೆ ಉಪ್ಪು ಹೆಚ್ಚಾಗಿತ್ತಾ ಮಗಳೇ ಅಂತ ಕೇಳಿದೆ" ಎಂದರು. "ಯಾವ ಕಡಲೆ ಅಂತ ಕೇಳಿದಳು."

ಮತ್ತೆ ಹೇಳಿದರು: "ನನ್ನನ್ನು ಆಂಟಿ ಅಂದಳು. ಮೊದಲೆಲ್ಲ ಉಮ್ಮ ಅಂತಿದ್ದವಳು."

ನಾನು ಅಲ್ಲೇ ನೆಲದಲ್ಲಿ ಕೂತು ಕ್ಯಾಂಟೀನಿನದ್ದೆಲ್ಲ ಹೇಳಿಬಿಟ್ಟೆ, ಹೇಳುತ್ತಾ ಅತ್ತೆ. ಉಮ್ಮ ಗಾನಶ್ರೀಯನ್ನೂ ಬೈಯಲಿಲ್ಲ, ನನ್ನನ್ನೂ ಬೈಯಲಿಲ್ಲ.

ಮರುದಿನ ಬೆಳಿಗ್ಗೆ ಒಂದೇ ಡಬ್ಬಿ ಕೊಟ್ಟರು, ಕೆಂಪು ಚುಕ್ಕೆಯದ್ದು. ಅದರಿಂದ ಹುರಿದ ಬಂಗುಡೆಯ ವಾಸನೆ ಬರುತ್ತಿತ್ತು.

"ಇಷ್ಟು ಒಳ್ಳೆ ಡಬ್ಬಿ, ಸುಮ್ನೆ ಯಾಕೆ ಮೇಲೆ ಇಡುದು" ಎಂದರು, ನನ್ನ ಮುಖ ನೋಡದೆ.

ಮಧ್ಯಾಹ್ನ ಮೆಟ್ಟಿಲಲ್ಲಿ ಕೂತಿದ್ದೆ. ಡಬ್ಬಿ ತೆರೆಯಲು ಮನಸ್ಸು ಬಂದಿರಲಿಲ್ಲ. ಆಗ ಗಾನಶ್ರೀ ಒಬ್ಬಳೇ ಬಂದಳು. ಕಣ್ಣು ಊದಿಕೊಂಡಿತ್ತು. ಬಂದವಳೇ ಪಕ್ಕದಲ್ಲಿ ಕೂತಳು.

"ಝುಹ್ರಾ, ಉಮ್ಮ ಇಷ್ಟು ದಿನವೂ ಕಳಿಸ್ತಾ ಇದ್ದದ್ದು ನನಗೆ ಗೊತ್ತಿರ್ಲಿಲ್ಲ" ಎಂದಳು. "ಅವತ್ತು ನಾನು ಹಾಗೆ ಹೇಳಬಾರದಿತ್ತು ಮಾರಾಯ್ತಿ. ನನ್ನ ಡಬ್ಬಿ ಕೊಡು."

ಅವಳು ಕೈ ಚಾಚಿ ಕೆಂಪು ಚುಕ್ಕೆಯ ಮೇಲೆ ಬೆರಳಿಟ್ಟಳು. ನಾನು ಮುಚ್ಚಳವನ್ನು ಒತ್ತಿ ಹಿಡಿದೆ. ಎಷ್ಟು ದಿನ ಆ ಕೈಗಾಗಿ ಕಾದಿದ್ದೆ, ದೇವರಿಗೇ ಗೊತ್ತು.

"ತೆಗಿಬೇಡ" ಎಂದೆ. "ಅದ್ರಲ್ಲಿ ಮೀನು ಉಂಟು."

ಬೇರೆ ಯಾರಾದರೂ ಆಗಿದ್ದರೆ, ಹಾಗಾದರೆ ನಾಳೆ ಬೇರೆ ಡಬ್ಬಿಯಲ್ಲಿ ತಾ ಎನ್ನುತ್ತಿದ್ದರೇನೋ. ಇವಳಿಗೆ ನಮ್ಮ ಮೇಲಿನ ಕಪಾಟು ಗೊತ್ತು. ಆ ಸೌಟಿನ ಪೆಟ್ಟು ಗೊತ್ತು. ನಿಧಾನವಾಗಿ ಕೈ ಹಿಂದೆ ತೆಗೆದಳು.

"ಉಮ್ಮನೇ ಹಾಕಿದ್ದಾ?"

"ಹೌದು."

ಅವಳು ತಲೆಯಾಡಿಸಿದಳು. ಬೆಲ್ ಆದಾಗ ಎದ್ದು ಲ್ಯಾಬಿಗೆ ಹೋದಳು. ನಾನು ಡಬ್ಬಿ ತೆರೆದು ಊಟ ಮಾಡಿದೆ. ಕಣ್ಣು ತುಂಬಿಕೊಂಡಿದ್ದರೆ ಬಂಗುಡೆಯ ಮುಳ್ಳು ಬಿಡಿಸಲು ಬಹಳ ಹೊತ್ತು ಬೇಕು. ಆ ಮಧ್ಯಾಹ್ನ ನಾನು ಕ್ಲಾಸಿಗೆ ಹೋಗಲಿಲ್ಲ.