ದೊರೆಸಾನಿ ಮನೆ ಬಿಟ್ಟ ದಿನ

"ದೊರೆಸಾನಿ ಎಲ್ಲೂ ಕಾಣಿಸ್ತಿಲ್ಲ," ಎಂದು ಹೆಂಡತಿ ಅನಸೂಯಮ್ಮ ಒಲೆಯ ಮುಂದಿನಿಂದ ಹೇಳಿದಾಗ ಮುನಿಸ್ವಾಮಪ್ಪನ ಮುದ್ದೆಯ ತುತ್ತು ಗಂಟಲಿನ ನಡುವೆ ನಿಂತುಬಿಟ್ಟಿತು. ಎಷ್ಟು ಗಟ್ಟಿಯಾಗಿ ನಿಂತಿತೆಂದರೆ, ಗಣಿಯಲ್ಲಿ ಬಂಡೆ ಒಡೆಯುವ ಮದ್ದು ಇಟ್ಟು ಸಿಡಿಸಿದ್ದರೂ ಅಲುಗುತ್ತಿರಲಿಲ್ಲ. ಅರ್ಧ ಬಿಂದಿಗೆ ನೀರು ಕುಡಿದು ಅದನ್ನು ಕೆಳಗಿಳಿಸಿ, "ಇಲ್ಲೇ ಎಲ್ಲೋ ಇರ್ತಾಳೆ ಬಿಡು," ಎಂದ.

"ನೆನ್ನೆ ಸಾಯಂಕಾಲದಿಂದ ಇಲ್ಲ. ಇಟ್ಟ ಹಾಲು ಇಟ್ಟಂಗೇ ಐತೆ. ಬಹದ್ದೂರನ್ನ ನೋಡಿ, ಎದ್ದಾಗಿಂದ ಬೀದೀಲಿ ಕುಂತವ್ನೆ, ಬಾ ಅಂದ್ರೂ ಒಳಕ್ಕೆ ಬರ್ತಾನೇ ಇಲ್ಲ. ಮೇಸ್ತ್ರಿ ಅಂತೂ ಬಾಯೇ ಬಿಟ್ಟಿಲ್ಲ."

ಆ ಮನೆಯಲ್ಲಿದ್ದ ಪ್ರಾಣಿಗಳು ಮೂರು, ಮೂರರ ಗುಣವೂ ಮೂರು ಲೋಕದ್ದು. ಬಹದ್ದೂರ್ ನಾಯಿ. ನಂದಿದುರ್ಗದ ಚಿನ್ನದ ಗಣಿ ಕೆಲಸದವರ ಸಾಲುಮನೆಗಳಲ್ಲಿ ಅಷ್ಟು ದೊಡ್ಡ ನಾಯಿ ಹಿಂದೆ ಹುಟ್ಟಿರಲಿಲ್ಲ, ಮುಂದೆ ಹುಟ್ಟುವುದೂ ಇಲ್ಲ. ಅದು ಬೀದಿಯಲ್ಲಿ ಮಲಗಿದರೆ ಎತ್ತಿನ ಗಾಡಿಗಳು ಮಾರಿಕುಪ್ಪಂ ಸುತ್ತಿಕೊಂಡು ಬರಬೇಕಿತ್ತು. ಆದರೆ ಪಕ್ಕದ ಮನೆಯ ಹುಂಜ ಒಮ್ಮೆ ರೆಕ್ಕೆ ಬಡಿದರೆ ಸಾಕು, ಆ ದೇಹವಷ್ಟೂ ಮಂಚದ ಕೆಳಗೆ ಹೋಗಿ ಸೇರುತ್ತಿತ್ತು. ಮೇಸ್ತ್ರಿ ಗಿಳಿ. ಅದಕ್ಕೆ ಬೈಯಲು ತಮಿಳು, ಗೋಳಾಡಲು ತೆಲುಗು, ಮೆಣಸಿನಕಾಯಿ ಕೇಳಲು ಕನ್ನಡ. ಇದೆಲ್ಲ ಸಾಲದೆಂದು ಗಣಿಯ ಸೈರನ್ ಕೂಗುವುದನ್ನೂ ಕಲಿತಿತ್ತು. ಒಮ್ಮೆ ಹೊತ್ತಲ್ಲದ ಹೊತ್ತಿನಲ್ಲಿ ಅದು ಕೂಗಿದ್ದಕ್ಕೆ ಅರ್ಧ ಕೋಲಾರ ಜಿಲ್ಲೆಯೇ ಬುತ್ತಿ ಕಟ್ಟಿಕೊಂಡು ಕೆಲಸಕ್ಕೆ ಹೊರಟುಬಿಟ್ಟಿತ್ತು.

ದೊರೆಸಾನಿ ಮಾತ್ರ ಬೇರೆಯೇ ಜಾತಿಯವಳು. ಮಲ್ಲಿಗೆಯಂಥ ಬಿಳಿ ಬೆಕ್ಕು. ಗಣಿ ಸರ್ಕಾರದ ಕೈಗೆ ಬಂದ ಮೇಲೆ ಬಂಗಲೆಯ ಬಿಳಿಯರು ಒಬ್ಬೊಬ್ಬರಾಗಿ ಹಡಗು ಹತ್ತಿದರಲ್ಲ, ಆಗ ಒಬ್ಬ ದೊರೆಯ ಹೆಂಡತಿ ಕಣ್ಣೀರು ಸುರಿಸುತ್ತ, "ಮುನಿಸ್ವಾಮಿ, ನಿನ್ನ ಬಿಟ್ಟರೆ ಇದಕ್ಕೆ ಯಾರೂ ಇಲ್ಲ," ಎಂದು ತನ್ನ ಕೈಯಾರೆ ಕೊಟ್ಟು ಹೋದಳೆಂದು ಮುನಿಸ್ವಾಮಪ್ಪ ಹೇಳುತ್ತಿದ್ದ. ನಿಜಕ್ಕೂ ಕೊಟ್ಟವನು ಆ ಬಂಗಲೆಯ ತೋಟದ ಮಾಲಿ, ಕೊಟ್ಟದ್ದು ಗೋಣಿಚೀಲದಲ್ಲಿ ಕಟ್ಟಿ. ಅದೇನೇ ಇರಲಿ, ದೊರೆಸಾನಿ ನೆಲದ ಮೇಲೆ ಕೂರುತ್ತಿರಲಿಲ್ಲ, ಮಡಿಸಿದ ಕಂಬಳಿ ಬೇಕು. ಹಾಲು ಬಿಸಿಯಿದ್ದರೆ ಮುಖ ತಿರುಗಿಸುತ್ತಿದ್ದಳು, ಆರಿದ್ದರೆ ಎದ್ದೇ ಹೋಗುತ್ತಿದ್ದಳು. ಈಚೆಗೆ ಮೈಕೈ ತುಂಬಿಕೊಂಡು ಉಬ್ಬಿದ್ದಳು. "ಬೆಣ್ಣೆ ಹಾಕಿ ಸಾಕಿದೀನಿ, ಬೆಣ್ಣೆ!" ಎಂದು ಮುನಿಸ್ವಾಮಪ್ಪ ಅದಕ್ಕೂ ಮೀಸೆ ತಿರುವಿದ್ದ.

ಆದರೆ ಅವನು ಹೇಳಿದ್ದರಲ್ಲಿ ಎಲ್ಲಕ್ಕಿಂತ ದೊಡ್ಡದು ಇನ್ನೊಂದಿತ್ತು. ಆ ಊರಿನಲ್ಲಿ ಆಗಾಗ ಆಳದ ಬಂಡೆ ಸಿಡಿದು ನೆಲ ಅದುರುವುದುಂಟು. ಪಾತ್ರೆಗಳು ಗಲಗಲ ಎನ್ನುತ್ತವೆ, ಹೆಂಗಸರು ಗಣಿಗೆ ಇಳಿಯುವ ಶಾಫ್ಟಿನ ಕಡೆ ಓಡುತ್ತಾರೆ. ಹಿಂದೊಂದು ಸಲ ಹಾಗೆ ಅದುರುವ ಮೊದಲು ದೊರೆಸಾನಿ ಮನೆ ಬಿಟ್ಟು ಹೋಗಿದ್ದಳು. "ಅವಳಿಗೆ ಮುಂಚೇನೇ ಗೊತ್ತಾಗ್ತದೆ ಕಣ್ಲಾ! ಬಂಡೆ ಸಿಡಿಯೋ ದಿನ ಅವಳು ಮನೇಲಿ ಇರಲ್ಲ," ಎಂದು ಮುನಿಸ್ವಾಮಪ್ಪ ಅವತ್ತು ಸಾರಿದ. ಅಲ್ಲಿಂದ ಮುಂದೆ ಆ ಸಾಲಿನ ಗಂಡಸರು ದೇವರ ಪಟಕ್ಕೆ ಕೈಮುಗಿಯುವುದನ್ನು ಮರೆತರೂ ಮೋಟುಗೋಡೆಯ ಮೇಲೆ ಬಿಸಿಲು ಕಾಯಿಸುವ ದೊರೆಸಾನಿಯನ್ನು ನೋಡದೆ ಪಾಳಿಗೆ ಇಳಿಯುತ್ತಿರಲಿಲ್ಲ. ಅವಳು ಆ ದಿನ ಮನೆ ಬಿಟ್ಟದ್ದು ಒಣಮೀನು ಕದ್ದದ್ದಕ್ಕೆ ಮುನಿಸ್ವಾಮಪ್ಪ ಚಪ್ಪಲಿ ಎಸೆದನೆಂದು. ಅದು ಗೊತ್ತಿದ್ದದ್ದು ಇಬ್ಬರಿಗೇ. ಬೆಕ್ಕು ಯಾರಿಗೂ ಹೇಳುವಂತಿರಲಿಲ್ಲ, ಮುನಿಸ್ವಾಮಪ್ಪ ಹೇಳುವವನಲ್ಲ.

ಈಗ ಬಾಗಿಲ ಮುಂದೆ ಗಂಡಸರು ಬುತ್ತಿ ಹಿಡಿದು ನೆರೆದಿದ್ದರು. ಎಲ್ಲರಿಗಿಂತ ಮುಂದೆ ಪಕ್ಕದ ಮನೆಯ ಚಿಕ್ಕವೆಂಕಟಪ್ಪ.

"ಅಣ್ಣಾ, ಇವತ್ತು ದೊರೆಸಾನಿ ದರ್ಶನ ಆಗ್ಲಿಲ್ಲ."

"ಎಲ್ಲಿ ಆಗ್ತದೆ? ಬಂಗಾರಪೇಟೆಗೆ ಓಗವ್ಳೆ," ಎಂದ ಮುನಿಸ್ವಾಮಪ್ಪ, ಬೂಟಿನ ದಾರ ಕಟ್ಟುತ್ತ.

"ಬಂಗಾರಪೇಟೆಗಾ? ಬೆಕ್ಕಾ?"

"ಯಾಕ್ಲಾ ಎಂಕಟಾ, ಓಗಬಾರ್ದಾ? ಮಾರಿಕುಪ್ಪಂ ರೈಲು ನಿಮ್ಮಪ್ಪಂದಾ? ನಮ್ಮನೆಯೋಳ ತವರು ಅಲ್ಲೇ ಅಲ್ವಾ. ನೆನ್ನೆ ಸಾಯಂಕಾಲದ ಗಾಡಿಗೆ ನಾನೇ ಹತ್ತಿಸಿ ಬಂದೆ."

"ಟಿಕೀಟು?" ಹಿಂದಿನಿಂದ ಯಾರೋ ಕೇಳಿದರು.

"ದೊರೆಸಾನೀನ ಟಿಕೀಟು ಕೇಳೋ ಗಂಡಸು ಇನ್ನೂ ಹುಟ್ಟಿಲ್ಲ ಕಣ್ಲಾ!"

ಗಂಡಸರು ನಕ್ಕರು. ನೆಂಟರ ಮನೆಗೆ ಹೋದ ಬೆಕ್ಕು ಬೇರೆ, ಮನೆ ಬಿಟ್ಟ ಬೆಕ್ಕು ಬೇರೆ. ಹಗುರವಾಗಿ ಶಾಫ್ಟಿನ ಕಡೆ ನಡೆದರು. ಮುನಿಸ್ವಾಮಪ್ಪ ಹಿಂದೆಯೇ ಹೊರಡಲು ತಿರುಗಿದರೆ ಅನಸೂಯಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಳು.

"ನೆನ್ನೆ ಸಾಯಂಕಾಲ ನೀವು ಈ ಮಂಚದ ಮೇಲೆ ಗೊರಕೆ ಹೊಡೀತಿದ್ರಿ," ಎಂದಳು ಮೆಲ್ಲಗೆ. "ಅವಳು ಮನೆ ಬಿಟ್ಟವ್ಳೆ. ಇವತ್ತು ಓಗ್ಬೇಡಿ."

"ಅದೆಲ್ಲ ಏನಿಲ್ಲ ಕಣೇ..."

"ಏನಿಲ್ವಾ? ಊರಿಗೆಲ್ಲ ಏಳಿದ್ದು ನೀವೇ ಅಲ್ವಾ?"

ಚಪ್ಪಲಿಯ ಕಥೆ ಮುನಿಸ್ವಾಮಪ್ಪನ ನಾಲಿಗೆಯ ತುದಿಗೆ ಬಂತು. ಆದರೆ ಆ ಬಾಯಿಂದ ನಿಜವೊಂದು ಹೊರಬಿದ್ದು ಎಷ್ಟು ಕಾಲವಾಗಿತ್ತೋ, ಅದಕ್ಕೆ ದಾರಿಯೇ ಸಿಗಲಿಲ್ಲ. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಖಾಲಿ ಕಂಬಳಿ, ಬೀದಿಯಲ್ಲಿ ಕೂತ ನಾಯಿ, ಪಂಜರದ ಮೂಲೆಯಲ್ಲಿ ರೆಕ್ಕೆಯೊಳಗೆ ತಲೆ ಹುದುಗಿಸಿದ ಗಿಳಿ, ಇವನ್ನೆಲ್ಲ ಅವನೂ ಒಂದೊಂದಾಗಿ ನೋಡಿದ. ತಾನು ಹೇಳಿದ ಸುಳ್ಳು ತನಗೆ ತಿಳಿಯದ ಹಾಗೆ ನಿಜವಾಗಿದ್ದರೆ?

"ಅವರನ್ನೆಲ್ಲ ಕಳಿಸಿ ನಾನು ಮನೇಲಿ ಕುಂತ್ಕೊಳ್ಳಾ?" ಎಂದ. ಹೆಂಡತಿಯನ್ನು ಮೆತ್ತಗೆ ಪಕ್ಕಕ್ಕೆ ಸರಿಸಿ, ಟೋಪಿ ಹಾಕಿಕೊಂಡು ಹೊರಟ.

ಅನಸೂಯಮ್ಮ ಬೆಕ್ಕು ಹುಡುಕಲು ಇಳಿದಳು. ಬೆಕ್ಕು ಮನೆಗೆ ಬಂದರೆ ಗಂಡ ಬಂದಂತೆ. ಅವಳ ಲೆಕ್ಕ ಅಷ್ಟು ಸರಳ. ಅವಳು ಹುಡುಕಿದ ಪರಿಗೆ, ಭೂಮಿಯ ಮೇಲೆ ಚಿನ್ನವೇನಾದರೂ ಉಳಿದಿದ್ದರೆ ಗಣಿ ತೋಡುವ ಕೆಲಸವೇ ಬೇಕಾಗುತ್ತಿರಲಿಲ್ಲ. ಸೌದೆ ಒಟ್ಟಿಲು ಕೆದಕಿದಳು, ನಲ್ಲಿಯ ಹಿಂದಿನ ಮೋರಿಯಲ್ಲಿ ಬಗ್ಗಿ ಕೂಗಿದಳು, ಗಣಿಯ ಬೂದು ಮಣ್ಣಿನ ದಿಬ್ಬ ಹತ್ತಿ ನಾಲ್ಕೂ ದಿಕ್ಕಿಗೆ "ದೊರೆಸಾನೀ" ಎಂದಳು. ಬಂಗಲೆಗಳ ಕಡೆಗೂ ಹೋಗಿ ಬಂದಳು. ದೊಡ್ಡವರ ಮನೆಯ ನೆನಪಾಗಿ ಹೋಗಿರಬಹುದೆಂದು. ಬಹದ್ದೂರ್ ಅವಳ ಸೆರಗು ಬಿಡದೆ ಹಿಂದೆಯೇ ಅಲೆಯಿತು. ಮನೆಯ ಹೊಸ್ತಿಲು ಬಂದಾಗ ಮಾತ್ರ ಕುಯ್ ಎಂದು ಬೀದಿಯಲ್ಲೇ ಕೂತಿತು.

"ಎನ್ನಾ ಅಕ್ಕಾ, ಒಂದು ಪೂನೆಗೆ ಇಷ್ಟು ಗೋಳಾ?" ಎಂದಳು ಚಿಕ್ಕವೆಂಕಟಪ್ಪನ ಹೆಂಡತಿ ಕದಿರಮ್ಮ. ಅವಳ ತವರು ತಮಿಳು ಸೀಮೆ. ಬೆಕ್ಕು ಅವಳ ಬಾಯಲ್ಲಿ ಯಾವಾಗಲೂ ಪೂನೆಯೇ. "ಬಂಗಾರಪೇಟೆಗೆ ಓಗೈತೆ ಅಂತ ನಮ್ಮೋರು ಏಳಿದ್ರು?"

ಅನಸೂಯಮ್ಮ ಅವಳ ಮುಖವನ್ನೊಮ್ಮೆ ನೋಡಿದಳು. ಕದಿರಮ್ಮನ ಗಂಡನೂ ಗಣಿಯ ಆಳಕ್ಕೆ ಇಳಿಸುವ ಅದೇ ಕೇಜಿನಲ್ಲಿ ಹೋದವನು. "ಹೂಂ, ಓಗವ್ಳೆ," ಎಂದು ಹೇಳಿ ಒಳಗೆ ಬಂದು ಗೋಡೆಗೆ ಒರಗಿ ಕೂತಳು. ಗಂಡನ ಸುಳ್ಳನ್ನು ಅವಳು ಎತ್ತಿ ಹೊತ್ತದ್ದು ಅದೇ ಮೊದಲು.

ಮಧ್ಯಾಹ್ನದ ಬಿಸಿಲು ತಗಡಿನ ಸೂರಿನ ಮೇಲೆ ಸಿಡಿಯುತ್ತಿದ್ದಾಗ ನೆಲ ಅದುರಿತು.

ಬಂಗಾರಪೇಟೆಯ ಹೋಟೆಲುಗಳಲ್ಲಿ ಕಾಫಿ ತುಳುಕಿತು, ಕೋಲಾರದ ಬೆಟ್ಟ ಅರ್ಧ ಅಡಿ ಪಕ್ಕಕ್ಕೆ ಸರಿಯಿತು ಎಂದೆಲ್ಲ ಆಮೇಲೆ ಜನ ಹೇಳಿಕೊಂಡರು. ಅನಸೂಯಮ್ಮನ ಮನೆಯಲ್ಲಿ ಆದದ್ದು ಇಷ್ಟು: ಹಲಗೆಯ ಮೇಲಿನ ತಟ್ಟೆಗಳು ಒಂದನ್ನೊಂದು ಬಡಿದವು, ಮೇಸ್ತ್ರಿಯ ಪಂಜರ ತೂಗಾಡಿತು, ಅದರ ಕೆಳಗಿದ್ದ ಹಳೇ ಬಟ್ಟೆಯ ಮರದ ಪೆಟ್ಟಿಗೆಯ ಮೇಲಿಂದ ಗೋಣಿತಾಟು ಜಾರಿ ಬಿತ್ತು.

ಬೀದಿಯಲ್ಲಿ ಕೂಗು ಎದ್ದಿತು. ಹೆಂಗಸರು ಕೈಯಲ್ಲಿದ್ದದ್ದನ್ನು ಅಲ್ಲಲ್ಲೇ ಎಸೆದು ಓಡತೊಡಗಿದರು. "ಅಕ್ಕಾ! ಬಾ ಅಕ್ಕಾ!" ಎಂದು ಕದಿರಮ್ಮ ಎದೆ ಬಡಿದುಕೊಳ್ಳುತ್ತ ಬಾಗಿಲ ಮುಂದೆ ಹಾದುಹೋದಳು. ಅನಸೂಯಮ್ಮ ಎದ್ದಳು. ಓಡಲು ಹೆಜ್ಜೆ ಎತ್ತಿದಳು.

ಹಿಂದಿನಿಂದ ಸೂಜಿಯಷ್ಟು ಸಣ್ಣ ಸದ್ದು ಬಂತು. ಮಿಯ್ಯ್.

ಪೆಟ್ಟಿಗೆಯೊಳಗೆ, ಮುನಿಸ್ವಾಮಪ್ಪನ ಹಳೆಯ ಅಂಗಿಯ ಮೇಲೆ ದೊರೆಸಾನಿ ಮಲಗಿದ್ದಳು. ಹೊಟ್ಟೆಗೆ ಅಂಟಿಕೊಂಡು ಕಣ್ಣು ತೆರೆಯದ ಮರಿಗಳು ತಳ್ಳಾಡುತ್ತಿದ್ದವು. ಗೋಣಿತಾಟು ಬಿದ್ದದ್ದು ಅವಳಿಗೆ ಹಿಡಿಸಿರಲಿಲ್ಲ. ಬೆಳಕು ಬಿಟ್ಟವರು ಯಾರು ಎಂಬಂತೆ ಅನಸೂಯಮ್ಮನ ಮೇಲೆ ಒಂದು ನೋಟ ಎಸೆದು, ಮತ್ತೆ ಮರಿಯ ಬೆನ್ನು ನೆಕ್ಕತೊಡಗಿದಳು. ನೆಲ ಅದುರಿದ್ದು ಅವಳ ಗಮನಕ್ಕೇ ಬಂದಂತಿರಲಿಲ್ಲ.

ಅನಸೂಯಮ್ಮ ಹೊಸ್ತಿಲಿಗೆ ಬಂದು, ತವರಿನಲ್ಲಿ ಹೊಲದ ಆಚೆಯವರನ್ನು ಕರೆಯುತ್ತಿದ್ದ ಗಂಟಲಿನಲ್ಲಿ ಕೂಗಿದಳು: "ಕದಿರೀ! ಏನೂ ಆಗಿಲ್ಲ ಕಣೇ! ದೊರೆಸಾನಿ ಮನೇಲೇ ಅವ್ಳೆ! ಮನೆ ಬಿಟ್ಟೇ ಇಲ್ಲ!"

ಕದಿರಮ್ಮ ನಿಂತಳು. ಅವಳ ಹಿಂದಿನವಳು ನಿಂತಳು. ಬಂಗಾರಪೇಟೆಯ ಮಾತು ಆ ಗಳಿಗೆಯಲ್ಲಿ ಯಾರಿಗೂ ನೆನಪಾಗಲಿಲ್ಲ. ದೊರೆಸಾನಿ ಮನೆಯಲ್ಲೇ ಇದ್ದಾಳೆಂಬ ಮಾತು ಬಾಯಿಂದ ಬಾಯಿಗೆ ಸಾಲು ದಾಟಿ, ರಸ್ತೆ ದಾಟಿ, ಮದರಾಸಿನ ಮೇಲ್ ಗಾಡಿಗಿಂತ ಜೋರಾಗಿ ಓಡಿತು. ಎಷ್ಟು ಜೋರಾಗಿ ಎಂದರೆ, ಕೆಳಗೆ ಎಲ್ಲರೂ ಕ್ಷೇಮ ಎಂದು ಆಳದಿಂದ ಮೇಲಿನ ಆಫೀಸಿಗೆ ಫೋನು ಬರುವ ಹೊತ್ತಿಗೆ, ಶಾಫ್ಟಿನ ಬಾಯಲ್ಲಿದ್ದ ಹೆಂಗಸರು ಆಗಲೇ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು.

ಪಾಳಿ ಮುಗಿದು ಗಂಡಸರು ಬಂದರು. ಮುನಿಸ್ವಾಮಪ್ಪ ತಲೆಯಿಂದ ಪಾದದವರೆಗೆ ಬೂದಿಯಲ್ಲಿ ಅದ್ದಿ ತೆಗೆದವನಂತಿದ್ದ. ಕೆಳಗೆ ನೆಲ ಅದುರಿ ಪುಡಿಗಲ್ಲು ಉದುರಿದಾಗ ಕತ್ತಲಲ್ಲಿ ಟೋಪಿಯ ದೀಪಗಳೆಲ್ಲ ಅವನ ಮುಖಕ್ಕೇ ತಿರುಗಿದ್ದವಂತೆ. ಅನಸೂಯಮ್ಮ ಅವನ ತೋಳು ಹಿಡಿದು ಪೆಟ್ಟಿಗೆಯ ಬಳಿ ಕರೆದೊಯ್ದಳು. ಅವನು ಟೋಪಿ ತೆಗೆದು ಅದರ ಮುಂದೆ ಕೂತ.

ಹಿಂದೆಯೇ ಬೀದಿಗೆ ಬೀದಿಯೇ ಒಳಗೆ ನುಗ್ಗಿತು. "ನಾನು ಏಳ್ಲಿಲ್ವಾ, ಅದು ಬೆಣ್ಣೆ ಹೊಟ್ಟೆ ಅಲ್ಲ ಅಂತ?" ಎಂದು ಬಗ್ಗಿ ನೋಡಿದ ಕದಿರಮ್ಮ ಕಿಸಕ್ಕನೆ ನಕ್ಕಳು. "ಈ ಪಟ್ಟೆ ಮರಿ ನೋಡಿ ಅಣ್ಣಾ, ನಮ್ಮನೆ ಹರಕು ಕಿವಿ ಗಂಡು ಪೂನೆಯ ಮೂತೀನೇ! ಇನ್ಮೇಲೆ ನಾವು ನೀವು ಬೀಗರು. ಇಂಥಾ ತಾಯಿ ಪೆಟ್ಟಿಗೇಲಿದ್ರೆ ನಿಮ್ಮ ನಾಯಿ ಒಳಕ್ಕೆ ಬರ್ತದಾ, ಗಿಳಿ ಬಾಯಿ ಬಿಡ್ತದಾ?"

"ಸುಮ್ನಿರೇ," ಎಂದ ಚಿಕ್ಕವೆಂಕಟಪ್ಪ. ಅವನ ದನಿ ಭಕ್ತಿಯಿಂದ ಕಂಪಿಸುತ್ತಿತ್ತು. "ಏನೂ ಆಗಲ್ಲ ಅಂತ ಅವಳಿಗೆ ಗೊತ್ತಿತ್ತು. ಅದಕ್ಕೇ ಮನೇಲೇ ಉಳಿದವ್ಳೆ. ಎಲ್ರಿಗೂ ಬಿಡಿಸಿ ಏಳಣ್ಣಾ."

ಎಲ್ಲರೂ ಕಾದರು. ಜಂಭ ಕೊಚ್ಚಲು ಅಂಥ ಸಂದರ್ಭ ಮುನಿಸ್ವಾಮಪ್ಪನಿಗೆ ಹಿಂದೆಂದೂ ಒದಗಿರಲಿಲ್ಲ. ಅವನು ಕೈ ಮೀಸೆಗೆ ಒಯ್ದ. ತಿರುವಲಿಲ್ಲ. ಪೆಟ್ಟಿಗೆಯೊಳಕ್ಕೆ ಕೈ ಇಳಿಬಿಟ್ಟ.

ಬಹದ್ದೂರ್ ದೊರೆಸಾನಿಯ ಉಗುರಿನ ಗೀರು ಬಿದ್ದ ಮೂಗನ್ನು ಹೊಸ್ತಿಲ ಒಳಗೆ ತೂರಿಸಿ, ಒಂದು ಕಾಲು ಇಟ್ಟು, ತೆಗೆದು, ಮತ್ತೆ ಇಟ್ಟಿತು. ಪಂಜರದೊಳಗಿಂದ ಮೇಸ್ತ್ರಿ ಆ ದಿನದ ಮೊದಲ ಸೈರನ್ ಕೂಗಿತು. ಯಾರೂ ಕೆಲಸಕ್ಕೆ ಹೊರಡಲಿಲ್ಲ. ದೊರೆಸಾನಿ ಮುನಿಸ್ವಾಮಪ್ಪನ ಕೈಯನ್ನು ಮೂಸಿ ನೋಡಿ, ಮುಖ ಸಿಂಡರಿಸಿ, ಆಮೇಲೆ ಹೆಬ್ಬೆರಳಿನಿಂದ ಶುರುಮಾಡಿ ಬೂದಿಯ ಕೆಳಗಿನ ಚರ್ಮ ಕಾಣುವವರೆಗೆ ನಿಧಾನವಾಗಿ ನೆಕ್ಕತೊಡಗಿದಳು.