ಮಾವನ ಮರ್ಯಾದೆಗೆ ಒಂದೂವರೆ ಡಿಗ್ರಿ

ಬೋರ್ಡು ಮನೆಗೆ ಬಂದ ದಿನ ಮಾವ ಅದನ್ನು ಅಂಗೈ ಮೇಲಿಟ್ಟುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದೇನಮ್ಮ, ಮೈಮೇಲೆ ಬಟ್ಟೆನೇ ಇಲ್ಲ" ಎಂದರು.

"ಬಟ್ಟೆ ತೊಡಿಸೋಕೆ ನೀವಿದ್ದೀರಲ್ಲ ಮಾವ" ಎಂದಳು ಸೊಸೆ.

ಅದು ಬಿಸಿ ಎಷ್ಟಿದೆ ಎಂದು ಅಳೆಯುವ ಬೋರ್ಡು. ಒಂದು ಅಂಚಿನಲ್ಲಿ ಬಿಸಿ ಅರಿಯುವ ತಂತಿ ಸಿಕ್ಕಿಸಿ ಬಿಗಿಯುವ ಸ್ಕ್ರೂಗಳ ಸಾಲು, ಎದುರಂಚಿನಲ್ಲಿ ಯುಎಸ್‌ಬಿ ಕಿಂಡಿ. ಪ್ಲಾಸ್ಟಿಕ್ ಕವಚ ತೊಟ್ಟುಕೊಂಡೂ ಅದು ಸಿಗುತ್ತದೆ. ಆದರೆ ಸ್ವಂತದ್ದೊಂದು ಯಂತ್ರ ಕಟ್ಟಿ ಅದರ ಹೊಟ್ಟೆಯೊಳಗೆ ಕೂರಿಸುವವರು ಬರಿಮೈ ಬೋರ್ಡನ್ನೇ ತರುತ್ತಾರೆ. ಸೊಸೆ ಕಟ್ಟಲು ಹೊರಟಿದ್ದು ಅಂಥದ್ದನ್ನೇ. ಊರಂಚಿನಲ್ಲಿ ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡಿಸುವ ಹ್ಯಾಚರಿಯೊಂದಿತ್ತು. ಅದರ ಒಡತಿಯನ್ನು ಊರೆಲ್ಲ ಮರಿಯಕ್ಕ ಎಂದೇ ಕರೆಯುತ್ತಿತ್ತು. ಕಾವಿನ ಬೀರುಗಳ ಒಳಗಿನ ಬಿಸಿಯನ್ನೆಲ್ಲ ಒಂದೇ ಪರದೆಯಲ್ಲಿ ತೋರಿಸುವ ಪೆಟ್ಟಿಗೆ ಬೇಕು ಎಂದು ಆಕೆ ಕೇಳಿದ್ದಳು. ಬೋರ್ಡು, ಅದರಿಂದ ಅಂಕಿ ಓದಿಕೊಳ್ಳುವ ಅಂಗೈಯಗಲದ ಕಂಪ್ಯೂಟರು, ಪುಟ್ಟ ಪರದೆ, ಎಲ್ಲ ಅದರೊಳಗೇ ಇರಬೇಕು. ಕಾರ್ಖಾನೆಯ ಕೆಲಸ ಬಿಟ್ಟ ಮೇಲೆ ಸೊಸೆ ಸ್ವಂತಕ್ಕೆ ಹಿಡಿದ ಮೊದಲ ಕೆಲಸ ಇದು.

ಪೆಟ್ಟಿಗೆಯ ಕೆಲಸ ಮಾವನ ಪಾಲಿಗೆ ಬಂದದ್ದು ಸುಮ್ಮನೆ ಅಲ್ಲ. ಅವರು ಜೀವಮಾನವೆಲ್ಲ ತಕ್ಕಡಿಗಳಿಗೆ ಗಾಜು ಮತ್ತು ಮರದ ಗೂಡು ಮಾಡಿದವರು. ಅಂಥಿಂಥ ತಕ್ಕಡಿಯಲ್ಲ, ಔಷಧದವರು ಚಿಟಿಕೆ ಪುಡಿ ತೂಗುವ ತಕ್ಕಡಿ. ಎದುರಿಗೆ ಕೂತವನು ನಿಟ್ಟುಸಿರು ಬಿಟ್ಟರೂ ಅದರ ಮುಳ್ಳು ಓಲಾಡುತ್ತಿತ್ತು. ಆ ತಕ್ಕಡಿಗಳ ಕಾಲ ಮುಗಿದು, ಅಂಗಡಿಯ ಬಾಗಿಲು ಹಾಕಿದ ಮೇಲೆ ಮಾವನ ಉಳಿ, ಗರಗಸಗಳೆಲ್ಲ ಹಿಂದಿನ ಕೋಣೆಯಲ್ಲಿ ಎಣ್ಣೆಬಟ್ಟೆ ಸುತ್ತಿಕೊಂಡು ಮಲಗಿದ್ದವು. ಮಾವನೂ ಹೆಚ್ಚುಕಡಿಮೆ ಹಾಗೇ ಇದ್ದರು. ಎದ್ದರೆ ಪತ್ರಿಕೆ, ಕೂತರೆ ಕಿಟಕಿ. ಬಸ್ಸು ಓಡಿಸುವ ಮಗ ಆಗೀಗ ಮಾತಾಡಿಸಲು ಹೋಗಿ, ಬೈಸಿಕೊಂಡು ಬರುತ್ತಿದ್ದ. "ಪೆಟ್ಟಿಗೆ ನೀವೇ ಮಾಡ್ಕೊಡಬೇಕು" ಎಂದು ಸೊಸೆ ಕೇಳಿದ್ದೇ ತಡ, ಎಣ್ಣೆಬಟ್ಟೆಗಳು ಬಿಚ್ಚಿಕೊಂಡವು. ಮನೆಯಲ್ಲಿ ಮತ್ತೆ ಮರದ ಹುಡಿಯ ವಾಸನೆ ಆಡಿತು. ಬೆಳಿಗ್ಗೆ ಬೆಳಿಗ್ಗೆ ಹಾಡು ಗುನುಗುತ್ತಿರುವವರು ಯಾರೆಂದು ನೋಡಿದರೆ ಮಾವ. ಅದನ್ನು ಕೇಳಿ ಸೊಸೆಯ ಹೊಟ್ಟೆ ತಣ್ಣಗಾಯಿತು.

ಪೆಟ್ಟಿಗೆಯಾದರೂ ಎಂಥದ್ದು? ಒಂದು ಮೊಳೆಯಿಲ್ಲದೆ ಕೂಡಿಸಿದ ಮೂಲೆಗಳು. ಮುಚ್ಚಳದ ಸುತ್ತ ಉಣ್ಣೆಬಟ್ಟೆಯ ಪಟ್ಟಿ. ತಂತಿಗಳು ಹೊರಗೆ ಬರುವ ಕಡೆ ಒಂದೊಂದಕ್ಕೂ ರಬ್ಬರಿನ ಬಿಗಿ ಕೊರಳಪಟ್ಟಿ. ಮಾವ ಮುಚ್ಚಳ ಹಾಕಿ, ಬೆರಳಿನಿಂದ ತಟ್ಟಿ, "ಇರುವೆ ಹಾಗಿರ್ಲಿ, ಗಾಳಿ ಕೂಡ ನನ್ನ ಕೇಳ್ದೆ ಒಳಗೆ ಹೋಗಲ್ಲ. ಅಳೆಯೋ ವಸ್ತುಗೆ ಗಾಳಿ ತಾಗಬಾರದಮ್ಮ. ನಾನು ಕಲ್ತಿದ್ದು ಅದೊಂದೇ" ಎಂದರು.

ತೊಂದರೆ ಶುರುವಾಗಿದ್ದೇ ಅಲ್ಲಿ. ಸೊಸೆ ಫ್ಲಾಸ್ಕಿನಲ್ಲಿ ಬೆಚ್ಚಗಿನ ನೀರು ತುಂಬಿ, ಬೋರ್ಡಿನ ತಂತಿಯನ್ನೂ ಒಂದು ಗಾಜಿನ ಥರ್ಮಾಮೀಟರನ್ನೂ ಜೊತೆಯಾಗಿ ಇಳಿಬಿಟ್ಟಳು. ಮುಚ್ಚಳ ತೆಗೆದಿದ್ದರೆ ಎರಡೂ ಒಂದೇ ಮಾತು ಹೇಳುತ್ತಿದ್ದವು. ಮುಚ್ಚಳ ಹಾಕಿ ಬೇರೆ ಕೆಲಸ ನೋಡಿ ಬರುವಷ್ಟರಲ್ಲಿ ಬೋರ್ಡು ಒಂದೂವರೆ ಡಿಗ್ರಿ ಹೆಚ್ಚು ತೋರಿಸುತ್ತಿತ್ತು. ಅವಳಿಗೆ ಕಾರಣ ತಿಳಿಯಲು ಹೊತ್ತು ಹಿಡಿಯಲಿಲ್ಲ. ತಂತಿ ತಿಳಿಸುವುದು ತನ್ನ ಎರಡು ತುದಿಗಳ ನಡುವಿನ ಬಿಸಿಯ ವ್ಯತ್ಯಾಸವನ್ನು ಮಾತ್ರ. ಬೋರ್ಡು ಅದಕ್ಕೆ ತನ್ನ ಮೈಬಿಸಿಯನ್ನು ಕೂಡಿಸಿ ಲೆಕ್ಕ ಹೇಳುತ್ತದೆ. ಗಾಳಿಯಾಡದ ಪೆಟ್ಟಿಗೆಯಲ್ಲಿ ಪಕ್ಕದ ಕಂಪ್ಯೂಟರಿನ ಕಾವು ಹೊರಗೆ ಹೋಗಲು ದಾರಿಯಿಲ್ಲದೆ, ತಂತಿ ಬಿಗಿದ ಸ್ಕ್ರೂಗಳಿಗಿಂತ ಹೆಚ್ಚಾಗಿ ಬೋರ್ಡಿನ ಮೈಗೇ ಅಂಟಿಕೊಳ್ಳುತ್ತಿತ್ತು. ಜ್ವರ ಬಂದವರು ಇನ್ನೊಬ್ಬರ ಹಣೆ ಮುಟ್ಟಿ ನೋಡಿದ ಹಾಗಾಗಿತ್ತು ಅದರ ಪಾಡು.

ಪೆಟ್ಟಿಗೆಗೆ ನಾಲ್ಕಾರು ತೂತು ಕೊರೆದರೆ ಮುಗಿಯುವ ಕೆಲಸ. ಅದನ್ನೇ ಹೇಳಲು ಅವಳು ಹಿಂದಿನ ಕೋಣೆಗೆ ಹೋದಳು. ಮಾವ ಮುಚ್ಚಳಕ್ಕೆ ಪಾಲಿಶ್ ತಿಕ್ಕುತ್ತಿದ್ದರು. ತಲೆಯೆತ್ತದೆ, "ನಿಮ್ಮತ್ತೆ ಇದ್ದಿದ್ರೆ, ಮುದುಕಂಗೆ ಮತ್ತೆ ಪ್ರಾಯ ಬಂತು ಅಂತ ನಗ್ತಿದ್ಲು" ಎಂದರು.

"ಟೀ ಮಾಡ್ಲಾ ಮಾವ?" ಎಂದು ಕೇಳಿ ಸೊಸೆ ವಾಪಸು ಬಂದಳು.

ಬಂದವಳು ಮಾಡಿದ ಕೆಲಸ ಕೇಳಿ. ಕಾರ್ಖಾನೆಯಲ್ಲಿ ತನ್ನ ಕೈಕೆಳಗಿನವರು ಯಾರಾದರೂ ಹೀಗೆ ಮಾಡಿದ್ದರೆ ಅವರ ಗ್ರಹಚಾರ ಬಿಡಿಸುತ್ತಿದ್ದಳು. ಪ್ರೋಗ್ರಾಮಿನಲ್ಲಿ ಒಂದು ಸಾಲು ಸೇರಿಸಿ, ಬಂದ ಅಂಕಿಯಿಂದ ಒಂದೂವರೆ ಡಿಗ್ರಿ ಕಳೆದುಬಿಟ್ಟಳು. ಮಾವನ ಮರ್ಯಾದೆ ಉಳಿಯಿತು, ಅಂಕಿಯೂ ಸರಿಹೋಯಿತು. ಮನಸ್ಸು ಮಾತ್ರ ಚುರುಚುರು ಎನ್ನುತ್ತಿತ್ತು. ಒಳ್ಳೆಯವರಿಗೆ ಸುಳ್ಳು ಹೇಳಲು ಇಂಥ ಒಳ್ಳೆಯ ಕಾರಣಗಳು ಎಲ್ಲಿಂದ ಸಿಗುತ್ತವೋ.

ಹ್ಯಾಚರಿಗೆ ಹೊರಟ ದಿನ ಮಾವ ಇಸ್ತ್ರಿ ಶರ್ಟು ತೊಟ್ಟು, ವ್ಯಾನಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡೇ ಬಂದರು. ಉದ್ದನೆಯ ಕೋಣೆ, ಗೋಡೆಗೊರಗಿ ನಿಂತ ಕಾವಿನ ಬೀರುಗಳು, ಅವುಗಳ ತಟ್ಟೆಗಳಲ್ಲಿ ಒತ್ತೊತ್ತಾಗಿ ಜೋಡಿಸಿದ ಮೊಟ್ಟೆಗಳು. ಪಕ್ಕದ ಕೋಣೆಯಿಂದ ಆಗತಾನೇ ಹುಟ್ಟಿದ ಮರಿಗಳ ಚಿಂವ್‌ಗುಟ್ಟುವಿಕೆ. ಬಾಗಿಲ ಬಳಿಯ ತಣ್ಣನೆಯ ಗೋಡೆಗೆ ಪೆಟ್ಟಿಗೆ ಬಿಗಿದು, ಸೊಸೆ ಒಂದೊಂದು ಬೀರುವಿಗೂ ಒಂದೊಂದು ತಂತಿ ಇಳಿಸಿದಳು. ಅಷ್ಟರಲ್ಲಿ ಮಾವ ಮರಿಯಕ್ಕನಿಗೆ ಮೂಲೆಗಳನ್ನು ಹೇಗೆ ಕೂಡಿಸಿದೆ ಎಂದು ಕೈಯಾಡಿಸಿ ವಿವರಿಸುತ್ತಿದ್ದರು. ಮರಿಯಕ್ಕನೂ ಹೂಂ ಹೂಂ ಎನ್ನುತ್ತಿದ್ದಳು.

ಪರದೆ ಹೊತ್ತಿಕೊಂಡಿತು. ಎಲ್ಲ ಬೀರುಗಳ ಎದುರೂ ಮೂವತ್ತಾರು.

"ನೋಡಿದ್ರಾ" ಎಂದಳು ಮರಿಯಕ್ಕ. "ಮೂವತ್ತೇಳೂವರೆ ಇರಬೇಕು. ಬೀರುಗಳಲ್ಲಿರೋ ಈ ಹಳೇ ಥರ್ಮಾಮೀಟರ್‌ಗಳು ಸರಿಯಾಗೇ ಇದೆ ಅಂತ ತೋರಿಸ್ತಾ ಇವೆ. ಅದಕ್ಕೇ ಈ ಸಲ ಮರಿ ಕಡಿಮೆಯಾಗಿದ್ದು. ಇವನ್ನ ನಂಬಿ ನಾನು ಕೆಟ್ಟೆ." ಹಾಗೆನ್ನುತ್ತ ಕಾವು ಏರಿಸುವ ಗುಂಡಿಗೆ ಕೈ ಹಾಕಿದಳು.

ಮನೆಯಲ್ಲಿ ಸೊಸೆ ನೋಡಿದ್ದೆಲ್ಲ ಬಿಸಿಯಾದ ಪೆಟ್ಟಿಗೆಯನ್ನು. ಇಲ್ಲಿ ಪೆಟ್ಟಿಗೆ ಇನ್ನೂ ತಣ್ಣಗಿದೆ. ಹೆಚ್ಚುವರಿ ಒಂದೂವರೆ ಡಿಗ್ರಿ ಇನ್ನೂ ಹುಟ್ಟಿಯೇ ಇಲ್ಲ, ಆದರೂ ಪ್ರೋಗ್ರಾಮು ಕಳೆಯುತ್ತಿದೆ. ಸ್ವಲ್ಪ ಹೊತ್ತು ಬಾಯಿ ಮುಚ್ಚಿಕೊಂಡಿದ್ದರೆ ಅಂಕಿ ತಾನಾಗಿ ಸರಿಹೋಗುತ್ತದೆ, ಆದರೆ ಅಷ್ಟರೊಳಗೆ ಮೊಟ್ಟೆಯಲ್ಲಿರುವ ಜೀವಗಳು ಬೆಂದುಹೋಗುತ್ತವೆ. ಪಕ್ಕದಲ್ಲಿ ಮಾವ ಮದುವೆ ಮನೆಯ ಯಜಮಾನರಂತೆ ನಿಂತಿದ್ದರು.

"ಅಕ್ಕಾ, ಅದನ್ನ ಮುಟ್ಟಬೇಡಿ" ಎಂದಳು. "ನಿಮ್ಮ ಥರ್ಮಾಮೀಟರೇ ಸರಿ. ಪೆಟ್ಟಿಗೆ ಮುಚ್ಚಿದ್ರೆ ಒಳಗೆ ಕಾವು ನಿಂತು ಒಂದೂವರೆ ಡಿಗ್ರಿ ಜಾಸ್ತಿ ತೋರಿಸ್ತಿತ್ತು. ನಾನು ಪ್ರೋಗ್ರಾಮಲ್ಲಿ ಅಷ್ಟು ಕಳೆದುಬಿಟ್ಟಿದ್ದೀನಿ. ಈಗ ಪೆಟ್ಟಿಗೆ ತಣ್ಣಗಿದೆ, ಅದಕ್ಕೆ ಕಡಿಮೆ ಬರ್ತಿದೆ. ತಪ್ಪು ನನ್ನದು."

ಮರಿಯಕ್ಕ ಕೈ ಹಿಂದಕ್ಕೆ ತೆಗೆದುಕೊಂಡಳು. "ಕಳೆಯೋದ್ಯಾಕೆ? ಎರಡು ತೂತು ಹೊಡೆದಿದ್ರೆ ಆಗ್ತಿರ್ಲಿಲ್ವಾ? ನನ್ನ ಬೀರುಗೂ ಇದೆ ನೋಡಿ, ಮೇಲೊಂದು ಕೆಳಗೊಂದು."

ಸೊಸೆಯ ಕಣ್ಣು ನೆಲ ನೋಡುತ್ತಿತ್ತು. ಮಾವ ಒಮ್ಮೆ ಅವಳನ್ನು ನೋಡಿದರು, ಒಮ್ಮೆ ಪೆಟ್ಟಿಗೆಯನ್ನು ನೋಡಿದರು. ಅವರಿಗೆ ಇನ್ನು ಬಿಡಿಸಿ ಹೇಳಬೇಕಾದ್ದು ಏನೂ ಉಳಿದಿರಲಿಲ್ಲ.

"ಡ್ರಿಲ್ ಇದೆಯಾ ಇಲ್ಲಿ?" ಎಂದು ಮರಿಯಕ್ಕನನ್ನು ಕೇಳಿದರು. ಆಮೇಲೆ ಸೊಸೆಗೆ, "ಎಲ್ಲಿ ಬೇಕು ತೋರ್ಸು."

"ಬೋರ್ಡಿನ ಕೆಳಗೊಂದು ಸಾಲು, ಮುಚ್ಚಳದ ಹತ್ರ ಒಂದು ಸಾಲು. ಬಿಸಿ ಗಾಳಿ ಮೇಲಿಂದ ಹೋಗಿಬಿಡುತ್ತೆ."

ಹುಡಿ ಬೀಳದಂತೆ ಬೋರ್ಡನ್ನು ಬಿಚ್ಚಿ ಆಚೆ ಇಟ್ಟು, ಮಾವ ಪೆನ್ಸಿಲಿನಲ್ಲಿ ಗುರುತು ಹಾಕಿ, ಕನ್ನಡಿಯಂತೆ ಹೊಳೆಯುತ್ತಿದ್ದ ಆ ಮೈಗೆ ಕಣ್ಣು ಮಿಟುಕಿಸದೆ ಡ್ರಿಲ್ ಇಳಿಸಿದರು. ಕಣ್ಣು ಮುಚ್ಚಿಕೊಂಡಿದ್ದು ಸೊಸೆ. ಬೋರ್ಡು ಮತ್ತೆ ತನ್ನ ಜಾಗಕ್ಕೆ ಬಂತು. ಅವಳು ಆ ಒಂದು ಸಾಲನ್ನು ಅಳಿಸಿದಳು. ಅಂಕಿ ಮೂವತ್ತೇಳೂವರೆಗೆ ಬಂದು ನಿಂತಿತು. ಮೂವರೂ ಟೀ ಕುಡಿದು, ಮರಿಗಳನ್ನು ನೋಡಿಕೊಂಡು ಬಂದರೂ ಅದು ಕದಲಲಿಲ್ಲ. ಹಳೆಯ ಥರ್ಮಾಮೀಟರುಗಳ ಜೊತೆ ಮರಿಯಕ್ಕನಿಗೆ ರಾಜಿಯಾಯಿತು. ಮರಿ ಕಡಿಮೆಯಾದದ್ದಕ್ಕೆ ಬೇರೆ ಕಾರಣ ಹುಡುಕುತ್ತೇನೆ, ಇನ್ನೊಂದು ಕೋಣೆಗೂ ಇಂಥದ್ದೇ ಪೆಟ್ಟಿಗೆ ಮಾಡಿಕೊಡಿ, ಎಂದಳು. ಆಮೇಲೆ ಸೊಸೆಯ ಕಡೆ ತಿರುಗಿ, "ತೂತಿರೋದು" ಎಂದು ಸೇರಿಸಿದಳು.

ವ್ಯಾನಿನಲ್ಲಿ ಮಾವ ಕಿಟಕಿಯ ಕಡೆ ಮುಖ ತಿರುಗಿಸಿ ಕೂತರು. ಸೊಸೆಗೆ ತಡೆಯಲಾಗಲಿಲ್ಲ.

"ಮಾವ, ನಿಮ್ಮ ಮನಸ್ಸಿಗೆ ನೋವಾಗುತ್ತೆ ಅಂತ…"

"ತೂತಿಗೆ ನೋವಾಗ್ಲಿಲ್ಲಮ್ಮ" ಎಂದರು ಮಾವ. "ಅಂಗಡೀಲಿ ನನ್ನ ಜೊತೆ ಇದ್ದೋರು ಗೂಡಲ್ಲಿ ಕೂದಲೆಳೆ ಸಂದು ಕಂಡ್ರೂ ನನ್ನ ಮುಂದೆ ತಂದು ಕುಕ್ಕೋರು. ಬಾಯಿಗೆ ಬಂದಂಗೆ ಬೈದಾಡ್ಕೊಂಡು, ಸಾಯಂಕಾಲ ಒಟ್ಟಿಗೇ ಮನೆಗೆ ಹೋಗ್ತಿದ್ವಿ. ತಪ್ಪು ಕಂಡ್ರೂ ಚೆನ್ನಾಗಿದೆ ಅನ್ನೋದು ಮಕ್ಕಳಿಗೆ. ನೀನು ನಂಗೆ ಕೆಲಸ ಕೊಟ್ಟೆ ಅಂದ್ಕೊಂಡಿದ್ದೆ. ನೋಡಿದ್ರೆ ಆಟದ ಸಾಮಾನು ಕೊಟ್ಟು ಕೂರಿಸಿದ್ದೀಯ."

ಸೊಸೆಗೆ ನಾಚಿಕೆಯಾಯಿತು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮಾವ ಕೆಲವು ದಿನ ಹಿಂದಿನ ಕೋಣೆಯ ಬಾಗಿಲು ತೆರೆಯಲಿಲ್ಲ. ಆಮೇಲೆ ಮರಿಯಕ್ಕನ ಇನ್ನೊಂದು ಕೋಣೆಗೆಂದು, ತುಸು ಚಿಕ್ಕ ಪೆಟ್ಟಿಗೆಯ ಅಳತೆಯನ್ನು ಸೊಸೆಯಿಂದ ಬರೆಸಿಕೊಂಡು ಒಳಗೆ ಹೋದರು. ಒಂದು ಬೆಳಿಗ್ಗೆ ಅವಳ ಮೇಜಿನ ಮೇಲೆ ಹೊಸ ಪೆಟ್ಟಿಗೆ ಬಂದು ಕೂತಿತು. ಎರಡೂ ಬದಿಗೆ ಓರೆಯಾಗಿ ಕೊರೆದ ಸೀಳುಗಳ ಸಾಲು. ಗಾಳಿ ನುಗ್ಗಲಿ, ಧೂಳು ಜಾರಲಿ ಎಂಬಂಥ ಓರೆ. ಮೊದಲಿನದಕ್ಕಿಂತ ಚಂದವಿತ್ತು. ಮಾವ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತರು.

"ಏನು ತಪ್ಪಿದೆ ಹೇಳು."

ಚೆನ್ನಾಗಿದೆ ಮಾವ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಸೊಸೆ ಅದನ್ನು ನುಂಗಿಕೊಂಡು, ಬೋರ್ಡನ್ನು ಒಳಗಿಟ್ಟು, ಯುಎಸ್‌ಬಿ ತಂತಿ ಸಿಕ್ಕಿಸಲು ನೋಡಿದಳು. ತಂತಿಯ ತಲೆ ಗೋಡೆಗೆ ತಾಗಿ ಮುರಿಯುವಂತೆ ಬಾಗಿತು.

"ತಂತಿ ಬಾಗೋಕೆ ಜಾಗ ಇಲ್ಲ ಮಾವ. ಈ ಗೋಡೆ ಎರಡು ಬೆರಳು ಹಿಂದಕ್ಕೆ ಹೋಗ್ಬೇಕು."

"ಗೋಡೆ ಹಿಂದಕ್ಕೆ ಹೋಗ್ಬೇಕು ಅಂದ್ರೆ ಇಡೀ ಪೆಟ್ಟಿಗೆ ಮತ್ತೆ ಮಾಡ್ಬೇಕು."

"ಹೌದು, ಮತ್ತೆ ಮಾಡ್ಬೇಕು."

ಮಾವನ ಮುಖ ಊದಿಕೊಂಡಿತು. "ಅಳತೆ ಕೊಡೋವಾಗ ನಿನ್ನ ಬುದ್ಧಿ ಎಲ್ಲಿ ಮೇಯೋಕೆ ಹೋಗಿತ್ತು?" ಎಂದರು.

"ತಂತಿ ಬಾಗುತ್ತೆ ಅಂತ ನಿಮಗೂ ಗೊತ್ತಿತ್ತಲ್ಲ" ಎಂದಳು ಸೊಸೆ. ಮದುವೆಯಾಗಿ ಬಂದ ಮೇಲೆ ಅವರಿಗೆ ಕೊಟ್ಟ ಮೊದಲ ಎದುರುತ್ತರ ಅದು.

ಮಾವ ಪೆಟ್ಟಿಗೆಯನ್ನು ಕಂಕುಳಿಗೇರಿಸಿಕೊಂಡು ಗೊಣಗುತ್ತ ಹೋಗಿ, ಹಿಂದಿನ ಕೋಣೆಯ ಬಾಗಿಲನ್ನು ದಢಾರನೆ ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ಗರಗಸದ ಸದ್ದು ಕೇಳಿಸಿತು. ಅದರ ಜೊತೆಗೆ ಹಾಡೂ ಕೇಳಿಸಿತು.