ಬೂದಿ ಬಯಲಿನ ಹುಲ್ಲು

ನಾಸಿಯೆಕುವಿನ ಕಡಸು ಮೂಳೆ ಕಡಿಯುತ್ತಿದ್ದುದನ್ನು ಮೊದಲು ಕಂಡವಳು ಅವಳ ಸವತಿ ನೋಂಕಿಪಾ. ಹಟ್ಟಿಯ ಹಿಂದೆ ಎಂದೋ ಸತ್ತ ಕತ್ತೆಯ ಮೂಳೆಯೊಂದು ಬಿದ್ದಿತ್ತು. ಗಬ್ಬದ ಕಡಸು ಅದನ್ನು ದವಡೆಗೆ ಒತ್ತಿಕೊಂಡು, ಕಣ್ಣು ಅರೆಮುಚ್ಚಿ ಅಗಿಯುತ್ತ ನಿಂತಿತ್ತು. ಬೆನ್ನ ಮೇಲಿನ ಕೂದಲು ಒರಟಾಗಿ ನಿಮಿರಿತ್ತು. ಹಿಂಗಾಲು ಎತ್ತಿಡುವಾಗ ಮುಗ್ಗರಿಸುತ್ತಿತ್ತು.

"ಏನೆ, ನಿನ್ನ ಸಂಬುಗೆ ಹುಲ್ಲು ಸಾಲ್ತಿಲ್ವೇನೆ? ನಾಯಿ ಹಾಗೆ ಮೂಳೆ ಕಡೀತಾ ಇದೆ," ಎಂದು ನೋಂಕಿಪಾ ಕೂಗಿ ಹೇಳಿದಳು. ನಾಸಿಯೆಕು ಮನೆಯೊಳಗಿಂದ ಓಡಿ ಬಂದು ಮೂಳೆ ಕಿತ್ತುಕೊಂಡು ದೂರ ಎಸೆದಳು. ಸವತಿಯ ಕಡೆ ನೋಡದೆ ಕಡಸಿನ ಕೊರಳು ತಬ್ಬಿಕೊಂಡಳು. ಮದುವೆಯಾಗಿ ಬರುವಾಗ ತಂದೆ ಕೊಟ್ಟು ಕಳಿಸಿದ ಕಡಸು ಅದು. ತವರಿನದೆಂದು ಅವಳಿಗಿದ್ದುದು ಅದೊಂದೇ.

ಅವರಿದ್ದ ಎತ್ತರದ ಗುಡ್ಡಸಾಲಿನಲ್ಲಿ ಹುಲ್ಲಿಗೇನೂ ಕೊರತೆಯಿರಲಿಲ್ಲ, ಮೊಣಕಾಲು ಮುಳುಗುವಷ್ಟು ಬೆಳೆದಿತ್ತು. ಆದರೆ ಅದು ಹೊಟ್ಟೆ ತುಂಬಿಸುವ ಹುಲ್ಲು, ಮೈ ತುಂಬಿಸುವುದಲ್ಲ. ತಿಂಗಳುಗಟ್ಟಲೆ ಅದನ್ನೇ ಮೇಯ್ದ ಗಬ್ಬದ ದನಗಳು ಮೂಳೆ ಹುಡುಕಲು ತೊಡಗಿದವೆಂದರೆ ಕೆಳಗಿನ ಬಯಲಿಗೆ ಇಳಿಯುವ ಕಾಲ ಬಂತೆಂದು ಅರ್ಥ. ಗಂಡ ಮೆಪುಕೊರಿ ಊರಿನಲ್ಲಿರಲಿಲ್ಲ. ತನ್ನ ಓರಗೆಯವರನ್ನು ಹಿರಿಯರ ಸಾಲಿಗೆ ಸೇರಿಸುವ ಹಬ್ಬಕ್ಕೆಂದು ದೂರ ಹೋಗಿದ್ದ. ಹೋಗುವಾಗ, ಮೊದಲ ಮಳೆ ಬಿದ್ದೊಡನೆ ಮಂದೆ ಇಳಿಸಿ, ಗಡ್ಡದ ಕಾಡುದನ ಈಯಲು ಬರುವುದರೊಳಗೆ ಮತ್ತೆ ಗುಡ್ಡ ಹತ್ತಿಸಿಬಿಡಿ ಎಂದು ತಮ್ಮ ಕಿತೆಶೊನಿಗೆ ಹೇಳಿದ್ದ. ಹೆಂಡಿರಿಬ್ಬರೂ ಜಗಳವಾಡಬೇಡಿ ಎಂದೂ ಹೇಳಿದ್ದ. ಆ ಮಾತು ನೋಂಕಿಪಾಳಿಗೆ ನಾಟಿತ್ತು. ಎರಡನೆಯವಳನ್ನು ತರುವಾಗ ತನ್ನನ್ನೊಂದು ಮಾತು ಕೇಳದವನು ಜಗಳದ ಮಾತು ಎತ್ತಬಾರದಿತ್ತು ಎಂದು ಅವಳೆಣಿಕೆ.

ಮಳೆ ಬಿತ್ತು. ಗುಡಿಸಲಿನ ಕೋಲು, ಚಕ್ಕಳ, ಸೋರೆ ಬುರುಡೆಗಳನ್ನು ಕತ್ತೆಗಳ ಮೇಲೆ ಹೇರಿಕೊಂಡು ಅವರು ಇಳಿದರು.

ದೇವರ ಬೆಟ್ಟ ಲೆಂಗಾಯ್ ಕಾಲಕಾಲಕ್ಕೆ ಉಗುಳಿದ ಬೂದಿಯೆಲ್ಲ ಗಾಳಿಗೆ ಹಾರಿ ಬಂದು ಕೂತ ಬಯಲು ಅದು. ಕಣ್ಣು ಹಾಯುವವರೆಗೂ ಒಂದು ಮರವಿಲ್ಲ. ಹುಲ್ಲು ಹಿಮ್ಮಡಿ ಮುಚ್ಚುವಷ್ಟೂ ಇಲ್ಲ. ಮಳೆ ಬಿದ್ದ ಗಳಿಗೆಯಲ್ಲೇ ಮಣ್ಣು ನೀರು ಕುಡಿದು ಏನೂ ಆಗದಂತೆ ಇರುತ್ತದೆ, ಮರುದಿನ ಎಲ್ಲೆಲ್ಲೂ ಹಸಿರು. ಕೆಳಗಿನ ಬಯಲನ್ನು ಮೊದಲ ಸಲ ಕಂಡ ನಾಸಿಯೆಕುವಿಗೆ ಇದೆಂಥ ನೆಲ ಎನಿಸಿತು. ಅವಳ ತವರಿನ ಕೆಂಪು ಜೇಡಿಯಲ್ಲಿ ಕೋಲು ಒಮ್ಮೆ ನೆಟ್ಟರೆ ಅಲ್ಲಾಡುತ್ತಿರಲಿಲ್ಲ. ಇಲ್ಲಿ ಮೇಲ್ಮಣ್ಣು ಮರಳಿನಂತೆ ಜಾರುತ್ತಿತ್ತು. ಇನ್ನಷ್ಟು ಆಳಕ್ಕೆ ನೆಡೋಣವೆಂದರೆ ಒಂದು ಮೊಳ ಕೆಳಗೆ ಕಲ್ಲಿನಂಥ ಪದರ, ಕೋಲಿನ ತುದಿ ಅದಕ್ಕೆ ಬಡಿದು ಮೊಂಡಾಗುತ್ತಿತ್ತು. ಸಗಣಿಗೆ ಆ ಮಣ್ಣು ಕಲಸಿ ಬಳಿದರೆ ಒಣಗಿದ ಮೇಲೆ ಹೊಪ್ಪಳೆ ಹೊಪ್ಪಳೆಯಾಗಿ ಉದುರುತ್ತಿತ್ತು. ಎರಡು ಸಲ ಗುಡಿಸಲು ಒರಗಿತು. ನೋಂಕಿಪಾ ತನ್ನ ಬಾಗಿಲಲ್ಲಿ ಮಣಿ ಪೋಣಿಸುತ್ತ ಕೂತು ನೋಡುತ್ತಿದ್ದಳು.

"ನಿಮ್ಮಪ್ಪ ಕಡಸು ಕೊಟ್ಟ, ಗುಡಿಸಲು ಕಟ್ಟೋದು ಕಲಿಸಲಿಲ್ಲ ಅಂತ ಕಾಣುತ್ತೆ," ಎಂದಳು.

"ನಮ್ಮಪ್ಪನ ಊರಲ್ಲಿ ನೆಲ ನೆಲದ ಹಾಗಿರುತ್ತೆ ಅಕ್ಕಾ. ಇದು ಒಲೆ ಬಾಚಿ ಸುರಿದ ಹಾಗಿದೆ."

ನೋಂಕಿಪಾಳಿಗೆ ನಗು ಬಂತು, ತೋರಿಸಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಎದ್ದು ಹೋಗಿ, ಕೋಲುಗಳನ್ನು ನೆಟ್ಟಗೆ ನಿಲ್ಲಿಸದೆ ಬಗ್ಗಿಸಿ ತುದಿಗೆ ತುದಿ ಸೇರಿಸಿ ಕಟ್ಟಿದಳು. ಬುಡಕ್ಕೆ ಒಡೆದ ಹಾಸುಗಲ್ಲುಗಳನ್ನು ಒತ್ತಾಗಿ ಇಟ್ಟಳು. ಮಣ್ಣು ಬಳಿಯುವ ಗೋಜಿಗೆ ಹೋಗದೆ ಚಕ್ಕಳ ಹೊದಿಸಿದಳು.

ದನಗಳ ಮೈ ಮಾತ್ರ ಬಹು ಬೇಗ ತಿರುಗಿತು. ಸಂಬು ಮೊದಮೊದಲು ಹುಲ್ಲು ಬಿಟ್ಟು ಬರೀ ಮಣ್ಣು ನೆಕ್ಕುತ್ತಿತ್ತು. ಆಮೇಲೆ ಹುಲ್ಲಿಗೆ ಬಾಯಿ ಹಾಕಿತು. ಕೆಲವೇ ವಾರಗಳಲ್ಲಿ ಅದರ ಕೂದಲು ಮಲಗಿ ಮಿರುಗತೊಡಗಿತು, ನಡಿಗೆ ಗಟ್ಟಿಯಾಯಿತು, ಕೆಚ್ಚಲು ಇಳಿಯಿತು. ಕರೆಯುವ ಹಸುಗಳ ಹಾಲು ಬುರುಡೆಯ ಬಾಯಿಂದ ನೂಲು ಬಿಟ್ಟಂತೆ ಗಟ್ಟಿಯಾಗಿ ಇಳಿಯುತ್ತಿತ್ತು. ನಾಸಿಯೆಕು ದಿನವೂ ಸಂಬುವಿನ ಹೊಟ್ಟೆಗೆ ಕಿವಿಯಿಟ್ಟು ಕೇಳುತ್ತಿದ್ದಳು. ಅವಳಿಗೆ ಇನ್ನೂ ಮಕ್ಕಳಾಗಿರಲಿಲ್ಲ. ನೋಂಕಿಪಾಳ ಮಗಳು ಮದುವೆಯಾಗಿ ದೂರ ಹೋಗಿದ್ದಳು. ನಾಸಿಯೆಕು ಹಾಗೆ ಕಿವಿಯಿಟ್ಟು ನಿಂತದ್ದನ್ನು ನೋಡಿದಾಗಲೆಲ್ಲ ನೋಂಕಿಪಾ ಮುಖ ಬೇರೆ ಕಡೆ ತಿರುಗಿಸಿಕೊಳ್ಳುತ್ತಿದ್ದಳು.

ಒಂದು ಬೆಳಿಗ್ಗೆ ಕಿತೆಶೊ ಏದುಸಿರು ಬಿಡುತ್ತ ಬಂದ. ಗಡ್ಡದ ಕಾಡುದನಗಳು ಈ ವರ್ಷ ಬೇಗನೆ ಬಂದಿವೆ, ಆಗಲೇ ಈಯತೊಡಗಿವೆ, ಪಶ್ಚಿಮದ ಬಯಲೆಲ್ಲ ಕಪ್ಪಾಗಿದೆ ಎಂದ. ಈದಾಗ ಅವುಗಳ ಮಾಸು ಬಿದ್ದ ಹುಲ್ಲನ್ನು ಮೇಯ್ದ ದನಕ್ಕೆ ಕಣ್ಣು ಬೆಳ್ಳಗಾಗುವ ರೋಗ ಬರುತ್ತದೆ, ಬಂದರೆ ಉಳಿಯುವುದಿಲ್ಲ. ಈಗಲೇ ಮಂದೆ ಹೊರಡಬೇಕು.

ಆದರೆ ಅದೇ ಬೆಳಿಗ್ಗೆ ಸಂಬು ಬಾಲ ಎತ್ತಿ, ಸುತ್ತು ಹಾಕಿ, ಮಲಗಿ ಏಳುತ್ತಿತ್ತು. ಮೊದಲ ಹೆರಿಗೆ. ಎಳೆದಾಡಿಸಿ ನಡೆಸುವ ಸ್ಥಿತಿಯಲ್ಲಿ ಅದಿರಲಿಲ್ಲ. ಒಂದಕ್ಕಾಗಿ ಎಲ್ಲವನ್ನೂ ಕಳೆದುಕೊಳ್ಳಲಾಗುವುದಿಲ್ಲ, ಬಿಟ್ಟು ಹೋಗೋಣ ಎಂದ ಕಿತೆಶೊ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ನಾಸಿಯೆಕು ಕಡಸಿನ ಪಕ್ಕ ನೆಲದ ಮೇಲೆ ಕೂತಳು.

"ನೀವು ಹೋಗಿ. ನಾನಿಲ್ಲೇ ಇರ್ತೀನಿ," ಎಂದಳು.

"ಸಿಂಹಕ್ಕೆ ಊಟ ಆಗ್ತೀಯ," ಎಂದ ಕಿತೆಶೊ.

"ಆಗ್ಲಿ ಬಿಡು."

ಅವನು ಹಿರಿಯ ಅತ್ತಿಗೆಯ ಮುಖ ನೋಡಿದ. ನೋಂಕಿಪಾ ಮಂದೆಯೊಳಗೆ ನುಗ್ಗಿ ತನ್ನ ಕಪ್ಪು ಹಸು ನರೊಕ್‌ಳನ್ನು ಕೊರಳು ಹಿಡಿದು ಹೊರಗೆ ತಂದಳು. ಒಂಟಿ ಹಸು ಬಾಣಂತಿಯಾಗಿ ಗುಡ್ಡ ಹತ್ತುವುದಿಲ್ಲ, ಮುಂದೆ ನಡೆಯಲು ಇನ್ನೊಂದು ಬೇಕು. ಮಂದೆಯಲ್ಲೆಲ್ಲ ದಾರಿ ಬಲ್ಲ ಹಸು ನರೊಕ್. ಅವಳು ಕೈಯಾರೆ ಸಾಕಿದ್ದು.

"ನೀನು ಉಳಿದವನ್ನು ಹೊಡ್ಕೊಂಡು ಹೋಗು. ನಾವು ಹಿಂದಿನಿಂದ ಬರ್ತೀವಿ," ಎಂದಳು.

"ಅತ್ತಿಗೆ, ಅಣ್ಣ ಬಂದು ಕೇಳಿದ್ರೆ ನಾನೇನು ಹೇಳ್ಲಿ?"

"ಹೆಂಡ್ರು ಜಗಳ ಆಡ್ಲಿಲ್ಲ ಅಂತ ಹೇಳು."

ಮಂದೆ ಹೋಯಿತು. ಹೆಂಗಸರಿಬ್ಬರೂ ಎರಡು ಹಸುಗಳನ್ನೂ ಉಳಿಸಿಕೊಂಡ ಒಂದು ಕತ್ತೆಯನ್ನೂ ಹತ್ತಿರದ ಕಪ್ಪು ಮರಳುದಿಬ್ಬದ ಮರೆಗೆ ನಡೆಸಿದರು. ಗಾಳಿಗೆ ಸರಿದಾಡುವ ಸಡಿಲ ಬೂದಿಯ ದಿಬ್ಬ ಅದು. ಗೊರಸು ಹೂತುಹೋಗುತ್ತದೆ, ಹುಲ್ಲಿಲ್ಲ, ಆದ್ದರಿಂದ ಕಾಡುದನ ಅಲ್ಲಿಗೆ ಬರುವುದಿಲ್ಲ. ನೋಂಕಿಪಾ ತಗ್ಗಿನ ಬದುವಿನಲ್ಲಿ ಯಾವ ಮೃಗವೂ ತುಳಿಯದ ಕಡೆ ಹುಡುಕಿ ಕೈಯಿಂದ ಹುಲ್ಲು ಕಿತ್ತು ತಂದಳು. ಬೂದಿಯ ಹರಳು ಗಾಜಿನ ಚೂರಿನಂತೆ ಚುಚ್ಚಿ ಬೆರಳ ಸಂದು ಉರಿಯುತ್ತಿತ್ತು. ಬಿಸಿಲು ಇಳಿಮುಖವಾಗುವ ಹೊತ್ತಿಗೆ ಕರುವಿನ ಮುಂಗಾಲು ಕಂಡಿತು, ತಲೆ ಸಿಕ್ಕಿಕೊಂಡಿತ್ತು. ಇಬ್ಬರೂ ಕಾಲಿಗೊಂದು ಪಟ್ಟಿ ಕಟ್ಟಿ, ಸಂಬು ಮುಕ್ಕಿರಿದಾಗಲೆಲ್ಲ ಎಳೆದರು. ಹಿಮ್ಮಡಿ ಊರಲು ಗಟ್ಟಿ ನೆಲವಿಲ್ಲದೆ ಜಾರಿ ಒಬ್ಬರ ಮೇಲೊಬ್ಬರು ಬಿದ್ದರು. ಕೊನೆಗೆ ಕರುವೂ ಬಂದು ಅವರ ಮಡಿಲಿಗೇ ಬಿತ್ತು. ಹೆಣ್ಣುಗರು. ನಾಸಿಯೆಕು ಅದರ ಮೂಗಿನ ಲೋಳೆಯನ್ನು ಬಾಯಿಂದಲೇ ಹೀರಿ ಉಗುಳಿದಳು. ಅದು ಕೆಮ್ಮಿತು. ಅವಳು ಅಳತೊಡಗಿದಳು.

"ಅಳೋದು ಆಮೇಲೆ ಕಣೆ. ಗಿಣ್ಣುಹಾಲು ಕುಡಿಸು ಮೊದಲು," ಎಂದ ನೋಂಕಿಪಾ ತಾನೂ ಕಣ್ಣು ಒರೆಸಿಕೊಂಡಳು.

ಮರುದಿನ ಬಿಸಿಲು ಏರಿದ ಮೇಲೆ ಹೊರಟರು. ಕರುವನ್ನು ಕತ್ತೆಯ ಮೇಲೆ ಚಕ್ಕಳದಲ್ಲಿ ಸುತ್ತಿ ಕಟ್ಟಿದ್ದರು. ದಾರಿಯಲ್ಲಿ ಹುಲ್ಲಿಗೆ ಬಾಯಿ ಹಾಕಬಾರದೆಂದು ಎರಡೂ ಹಸುಗಳ ಮೂತಿಗೆ ತೊಗಲಿನ ಪಟ್ಟಿ ಬಿಗಿದಿದ್ದರು. ಎಡಕ್ಕೂ ಬಲಕ್ಕೂ ಕಾಡುದನಗಳು ಗುರುಗುಟ್ಟುತ್ತಿದ್ದವು. ಆಗತಾನೆ ಹುಟ್ಟಿದ ಮರಿಗಳು ತಡವರಿಸುತ್ತ ತಾಯಂದಿರ ಹಿಂದೆ ಓಡುತ್ತಿದ್ದವು. ನರೊಕ್ ತಲೆ ಎತ್ತಿಕೊಂಡು ಮುಂದೆ ನಡೆದಳು, ಕರುವಿನ ವಾಸನೆ ಹಿಡಿದು ಸಂಬು ಹಿಂದೆ ಬಂತು. ಗುಡ್ಡದ ಬುಡ ಮುಟ್ಟುವ ಹೊತ್ತಿಗೆ ನರೊಕ್ ಉಸಿರಿಗೆ ಕಷ್ಟಪಡುತ್ತಿದ್ದಳು. ಮೂಗಿನ ಹೊಳ್ಳೆ ಅರಳಿ, ಪಟ್ಟಿಯ ಕೆಳಗೆ ನೊರೆ ಕಟ್ಟಿತ್ತು. ನೋಂಕಿಪಾಳಿಗೆ ನೋಡಲಾಗಲಿಲ್ಲ. ಅಪಾಯ ಹಿಂದೆ ಉಳಿಯಿತೆಂದು ಪಟ್ಟಿ ಬಿಚ್ಚಿದಳು. ಹಸು ಕೂಡಲೇ ತಲೆ ಬಗ್ಗಿಸಿ ಎರಡು ಮೂರು ಬಾಯಿ ಹುಲ್ಲು ಕಿತ್ತಿತು. ಆಗ ಅವಳ ಕಣ್ಣಿಗೆ ಪೊದೆಯ ಪಕ್ಕ ಒಣಗುತ್ತಿದ್ದ ಮಾಸು ಬಿತ್ತು. ಹಸುವಿನ ತಲೆ ಎಳೆದು ಮೇಲೆತ್ತಿದಳು. ನಾಸಿಯೆಕುವಿಗೆ ಏನೂ ಹೇಳಲಿಲ್ಲ.

ಮೇಲೆ ತಲುಪಿ ವಾರಗಳು ಕಳೆದವು. ಏನೂ ಆಗಲಿಲ್ಲವೆಂದು ನಂಬುವ ಹೊತ್ತಿಗೆ ನರೊಕ್ ಮೇವು ಬಿಟ್ಟಳು. ಕಣ್ಣಿನಿಂದ ನೀರು ಇಳಿದು ಗುಡ್ಡೆಯ ಮೇಲೆ ಹಾಲಿನ ಪೊರೆ ಕಟ್ಟಿತು. ಅಷ್ಟರಲ್ಲಿ ಹಿಂದಿರುಗಿದ್ದ ಮೆಪುಕೊರಿ ಹಸುವನ್ನು ನೋಡಿ ಕಿರಿಯ ಹೆಂಡತಿಯ ಮೇಲೆ ಹರಿಹಾಯ್ದ. ಅವಳ ಹಟದಿಂದ ಮನೆಯ ಒಳ್ಳೇ ಹಸು ಹೋಯಿತೆಂದ. ನಾಸಿಯೆಕು ತಲೆ ತಗ್ಗಿಸಿ ನಿಂತಿದ್ದಳು. ನೋಂಕಿಪಾ ನಡುವೆ ಬಂದಳು.

"ಪಟ್ಟಿ ಬಿಚ್ಚಿದ್ದು ನಾನು. ಇವಳ ಹಸುಗೆ ಬಿಗಿದ ಪಟ್ಟಿ ಮನೆ ಸೇರೋವರೆಗೂ ಇತ್ತು. ಬೈಯೋದಿದ್ರೆ ನನ್ನ ಬೈಯಿ."

ಅವನು ಕೋಲು ಊರಿಕೊಂಡು ಹೊರಗೆ ಹೋದ.

ಎರಡು ದಿನಕ್ಕೆ ನರೊಕ್ ಸತ್ತಳು. ನೋಂಕಿಪಾ ಮನೆ ಬಿಟ್ಟು ಹೊರಗೆ ಬರಲಿಲ್ಲ. ಸಂಜೆ ನಾಸಿಯೆಕು ಸಂಬುವಿನ ಕರುವನ್ನು ಹಗ್ಗ ಹಿಡಿದು ತಂದು ಬಾಗಿಲಲ್ಲಿ ನಿಲ್ಲಿಸಿದಳು. ಇದು ಇನ್ನು ನಿನ್ನದು ಎಂದಳು. ನೋಂಕಿಪಾ ಬೇಡವೆಂದಳು, ತವರಿನ ಸಂತಾನ, ನೀನೇ ಇಟ್ಟುಕೋ ಎಂದಳು. ಹುಡುಗಿ ಹಗ್ಗವನ್ನು ಅವಳ ಕೈಗೆ ಸುತ್ತಿ ಹೊರಟೇಬಿಟ್ಟಳು. ಹೆಣ್ಣುಗರು ಕೊಟ್ಟವರೂ ಪಡೆದವರೂ ಆ ಜನರಲ್ಲಿ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವುದಿಲ್ಲ. ಕರುವಿನ ನೆನಪಿಗೆ "ಪಾಶೆ" ಎನ್ನುತ್ತಾರೆ. ಮಾರನೆಯ ಬೆಳಿಗ್ಗೆ ಬೇಲಿಯಾಚೆಯಿಂದ ನಾಸಿಯೆಕು, "ಪಾಶೆ, ಕೆಂಡ ಇದ್ಯಾ?" ಎಂದು ಕೂಗಿದಳು. ಒಳಗೆ ಕೂತಿದ್ದ ನೋಂಕಿಪಾ ಎದ್ದು ಒಲೆಯ ಬೂದಿ ಕೆದಕಿದಳು. "ಇದೆ, ಬಾ ಪಾಶೆ," ಎಂದಳು.

ಮುಂದಿನ ವರ್ಷ ಮಳೆಯ ಮೋಡ ಕಂಡ ಕೂಡಲೇ ಅವರು ಇಳಿದರು. ಹಳೆಯ ಹಟ್ಟಿಯ ಜಾಗದಲ್ಲಿ ದನಗಳು ತುಳಿದ ಹುಲ್ಲಿನ ಪದರ ಹರಿದು, ಗಾಳಿ ಬೂದಿಯನ್ನು ತೋಡಿ ತೋಡಿ ಒಯ್ದಿತ್ತು. ಕೆಳಗಿನ ಬಿಳಿ ಪದರ ಹುಣ್ಣಿನ ಹಾಗೆ ಕಾಣುತ್ತಿತ್ತು. ಇಲ್ಲಿ ಬೇಡ, ಇದು ವಾಸಿಯಾಗಲಿ, ಇನ್ನೂ ಮುಂದೆ ಹೋಗೋಣ ಎಂದಳು ನಾಸಿಯೆಕು. ಆಗ ಅವಳ ಬಸಿರಿಗೆ ಆರು ತಿಂಗಳು ತುಂಬಿತ್ತು. ಇಷ್ಟು ಹೊತ್ತುಕೊಂಡು ಇನ್ನೆಷ್ಟು ನಡೀತೀಯ ಎಂದು ಗೊಣಗಿದರೂ ನೋಂಕಿಪಾ ಅವಳ ಬೆನ್ನಿನ ಹೊರೆಯನ್ನು ಇಳಿಸಿ ತನ್ನ ಹೊರೆಯ ಮೇಲೆ ಹೇರಿಕೊಂಡಳು. ಬಯಲು ಇನ್ನೂ ಬಹಳ ದೂರದವರೆಗೆ ಹಸಿರಾಗಿತ್ತು. ಇಬ್ಬರೂ ಮುಂದೆ ನಡೆದರು.